ಸಿಟ್ಟು ಬಂದದ್ದು ಮಗನ ಮೇಲಲ್ಲ ಅಂತ ತಡವಾಗಿ ಗೊತ್ತಾಯಿತು

ಅರೆನಿದ್ದೆ · ಶುಕ್ರವಾರ, ರಾತ್ರಿ 11:52

ಇಲ್ಲಿ ಮೂರು ವರ್ಷದಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಮೊದಲ ಸಲ. ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮಂಗಳವಾರ ಆಫೀಸಿನಲ್ಲಿ ಮೀಟಿಂಗ್ ಇತ್ತು. ಒಂದು ಲೆಕ್ಕ ಕೇಳಿದರು. ನಾನು ಧೈರ್ಯವಾಗಿ ಒಂದು ಸಂಖ್ಯೆ ಹೇಳಿದೆ. ಅದು ಹೋದ ತಿಂಗಳದ್ದು. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ ಒಬ್ಬ, ಒಳ್ಳೆಯ ಹುಡುಗನೇ, 'ಸರ್, ಅದು ಹಳೇದು' ಅಂದ. ಎಲ್ಲರೂ ಸ್ವಲ್ಪ ನಕ್ಕರು. ನಾನೂ ನಕ್ಕೆ. ಅಷ್ಟೇ ನಡೆದದ್ದು. ಐದು ನಿಮಿಷ ಆದ ಮೇಲೆ ಅಲ್ಲಿ ಯಾರಿಗೂ ಅದು ನೆನಪಿದ್ದಿರಲಾರದು. ನನಗೆ ಮಾತ್ರ ಕಿವಿಯ ತುದಿ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು.

ಮನೆಗೆ ಬಂದೆ. ಮಗನಿಗೆ ಒಂಬತ್ತು ವರ್ಷ. ಗುಣಾಕಾರ ಮಾಡುತ್ತಾ ಕೂತಿದ್ದ. ಪಕ್ಕದಲ್ಲಿ ಕೂತೆ. ಒಂದು ಕಡೆ ಉತ್ತರ ತಪ್ಪಾಗಿತ್ತು. ಯಾಕೋ ಹೀಗೆ ಬರೆದೆ ಅಂದೆ. 'ನೀನೇ ಅಲ್ವಾ ಅಪ್ಪಾ ಹೇಳಿಕೊಟ್ಟಿದ್ದು' ಅಂದ.

ಆಮೇಲಿನದನ್ನು ಹೇಳುವುದಕ್ಕೂ ಕಷ್ಟ. ಪುಸ್ತಕ ಕಿತ್ತುಕೊಂಡೆ. ಆ ಹಾಳೆ ಹರಿದೆ. ಎದುರು ಮಾತಾಡ್ತೀಯಾ ಅಂತ ಕೂಗಿದೆ. ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು. ಒಂದು ಮಾತೂ ಆಡಲಿಲ್ಲ. 'ನೀನೂ ಶುರು ಮಾಡಬೇಡ' ಅಂತ ಅವಳ ಮೇಲೂ ಹರಿಹಾಯ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಮಗ ಆ ಹಾಳೆಯನ್ನು ಟೇಪ್ ಹಾಕಿ ಅಂಟಿಸಿಟ್ಟಿದ್ದ. ಅಂಚಿಗೆ ಅಂಚು ಕೂಡಿಸಿ, ಬಹಳ ಜಾಗ್ರತೆಯಿಂದ. ತಪ್ಪು ಉತ್ತರ ಹಾಗೇ ಇತ್ತು.

ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಮಲಗಿಕೊಂಡು ಯೋಚಿಸಿದಾಗ ಒಂದು ಹೊಳೆಯಿತು. ಮೀಟಿಂಗಿನಲ್ಲಿ ಕಿವಿಗೆ ಏರಿದ್ದೂ ಮಗ ಮಾತಾಡಿದಾಗ ಏರಿದ್ದೂ ಒಂದೇ ಬಿಸಿ. ಎರಡು ಕಡೆಯೂ ನನಗೆ ಕೇಳಿಸಿದ್ದು 'ನೀನು ಹೇಳಿದ್ದು ತಪ್ಪು' ಅನ್ನುವ ಮಾತು. ಅಲ್ಲಿ ನಕ್ಕೆ, ಇಲ್ಲಿ ಹರಿದೆ.

ಇದನ್ನು ಸಿಟ್ಟು ಅನ್ನಬೇಕೋ ನಾಚಿಕೆ ಅನ್ನಬೇಕೋ? ಹರಿದದ್ದಕ್ಕೆ ಈಗ ಇನ್ನೊಂದು ನಾಚಿಕೆ. ಅದರಿಂದ ಮತ್ತೆ ಸಿಡುಕು. ನಿನ್ನೆ ಬಾಗಿಲು ಜೋರಾಗಿ ಹಾಕಿದ್ದಕ್ಕೇ ರೇಗಿದೆ. ಈ ಸುತ್ತಿನಿಂದ ಹೊರಗೆ ಬಂದವರು ಯಾರಾದರೂ ಇದ್ದರೆ ಹೇಳಿ. ಹತ್ತರವರೆಗೆ ಎಣಿಸಿ ಅನ್ನುವುದು ಬೇಡ, ಅದು ಗೊತ್ತು.

ಗೋಡೆಗಡಿಯಾರ · ಶನಿವಾರ, ಬೆಳಿಗ್ಗೆ 6:10

ಹತ್ತರವರೆಗೆ ಎಣಿಸುವುದನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ನನಗೆ ಕೆಲಸ ಮಾಡಿದೆ. ಜೊತೆಗೆ ಒಂದು ಲೋಟ ನೀರು.

ನೀಲಿಶಾಯಿ · ಶನಿವಾರ, ಬೆಳಿಗ್ಗೆ 8:35

ಅರೆನಿದ್ದೆಯವರೇ, ಎಷ್ಟೋ ಜನ ವರ್ಷಗಟ್ಟಲೆ ಕೌನ್ಸೆಲಿಂಗಿಗೆ ಬಂದರೂ ಆ ಎರಡು ಬಿಸಿ ಒಂದೇ ಅಂತ ಗುರುತಿಸುವುದಿಲ್ಲ. ನಾನು ಆ ಕೆಲಸದಲ್ಲಿ ಇದ್ದವಳು, ಈಗ ನಿವೃತ್ತಿ. ಇಲ್ಲಿ ಯಾರಿಗೂ ಚಿಕಿತ್ಸೆ ಕೊಡುತ್ತಿಲ್ಲ, ಗೊತ್ತಿರುವುದನ್ನು ಹೇಳುತ್ತೇನೆ ಅಷ್ಟೇ.

ಹೆಲೆನ್ ಬ್ಲಾಕ್ ಲೂಯಿಸ್ ಅಂತ ಅಮೆರಿಕದ ಮನೋವಿಶ್ಲೇಷಕಿ ಇದ್ದರು. ಚಿಕಿತ್ಸೆಯ ಹೊತ್ತಿನ ಮಾತುಕತೆಗಳನ್ನು ಬರಹಕ್ಕೆ ಇಳಿಸಿದ್ದನ್ನು ಕೂತು ಒಂದೊಂದೇ ಸಾಲು ಓದಿದರು. ನಾಚಿಕೆ ಎಲ್ಲೆಲ್ಲೂ ಇತ್ತು. ಆದರೆ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಬಂದವರೂ ಇಲ್ಲ, ಚಿಕಿತ್ಸಕರೂ ಇಲ್ಲ. ಹೆಸರು ಸಿಗದ ಆ ನಾಚಿಕೆಯ ಬೆನ್ನಿಗೇ ಸಿಟ್ಟು ಬರುತ್ತಿತ್ತು. 1971ರಲ್ಲಿ ಅವರು ಇದನ್ನು ಬರೆದರು. ನಾಚಿಕೆಯಿಂದ ಸಿಟ್ಟು, ಸಿಟ್ಟಿನಿಂದ ಮತ್ತೆ ನಾಚಿಕೆ, ಹೀಗೆ ಒಂದನ್ನೊಂದು ಊದುತ್ತಾ ಹೋಗುವುದನ್ನೂ ಅವರು ಗುರುತಿಸಿದ್ದರು. ನೀವು ಸುತ್ತು ಅಂತ ಬರೆದಿರಲ್ಲ, ಅದೇ.

ಅವರು ಇನ್ನೊಂದು ಭೇದ ಮಾಡಿದರು. ಇವತ್ತಿಗೂ ಈ ವಿಷಯದಲ್ಲಿ ಕೆಲಸ ಮಾಡುವ ಬಹಳ ಜನ ಅದನ್ನು ಬಳಸುತ್ತಾರೆ. 'ನಾನು ಮಾಡಿದ್ದು ಕೆಟ್ಟದ್ದು' ಅನ್ನುವುದು ಒಂದು. 'ನಾನೇ ಕೆಟ್ಟವನು' ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪಿನ ಅರಿವು. ಅದರ ಕೈಗೆ ಕೆಲಸ ಇದೆ. ಕ್ಷಮೆ ಕೇಳಬಹುದು, ಹಾಳೆ ಅಂಟಿಸಬಹುದು. ಎರಡನೆಯದು ನಾಚಿಕೆ. ಇಡೀ ನಾನೇ ಕೆಟ್ಟವನಾದರೆ ಅಂಟಿಸುವುದು ಏನನ್ನು? ಬಚ್ಚಿಟ್ಟುಕೊಳ್ಳಬೇಕು, ಇಲ್ಲ ಎದುರಿಗಿರುವವರನ್ನು ಕೆಳಗೆ ಹಾಕಬೇಕು.

ನಾಚಿಕೆ ಬಂದಾಗ ಮನುಷ್ಯ ಎತ್ತ ಓಡುತ್ತಾನೆ ಅನ್ನುವುದಕ್ಕೆ ಡೊನಾಲ್ಡ್ ನೇಥನ್ಸನ್ ಅನ್ನುವ ಮನೋವೈದ್ಯರು 1992ರಲ್ಲಿ ಒಂದು ದಿಕ್ಸೂಚಿಯನ್ನೇ ಕೊಟ್ಟರು. ಒಬ್ಬರು ಮೂಲೆ ಸೇರುತ್ತಾರೆ. ಒಬ್ಬರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಕೆಲವರು ಏನೂ ಆಗಿಲ್ಲ ಅನ್ನುವ ಹಾಗೆ ನಗುತ್ತಾರೆ, ಕುಡಿಯುತ್ತಾರೆ, ಜಂಬ ಕೊಚ್ಚುತ್ತಾರೆ. ಇನ್ನು ಕೆಲವರು ಎದುರಿಗಿರುವವರ ಮೇಲೆ ಏರಿ ಹೋಗುತ್ತಾರೆ. ಒಬ್ಬನೇ ಮನುಷ್ಯ ಒಂದೇ ದಿನ ನಾಲ್ಕೂ ದಿಕ್ಕು ಸುತ್ತಬಹುದು. ನೀವು ಮೀಟಿಂಗಿನಲ್ಲಿ ಮೂರನೆಯದು, ಮನೆಯಲ್ಲಿ ನಾಲ್ಕನೆಯದು, ರಾತ್ರಿ ಎರಡನೆಯದು ಮಾಡಿದ್ದೀರಿ.

ಅಷ್ಟು ಸಣ್ಣ ವಿಷಯಕ್ಕೆ ಮೈ ಯಾಕೆ ಅಷ್ಟು ಉರಿಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಯಾವ ಬಗೆಯ ಒತ್ತಡಕ್ಕೆ ದೇಹದಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಜಾಸ್ತಿ ಏರುತ್ತದೆ ಅಂತ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ 208 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2004ರ ಕೆಲಸ ಅದು. ನಾಲ್ಕು ಜನರ ಎದುರು ನಮ್ಮನ್ನು ಅಳೆಯುತ್ತಿದ್ದಾರೆ, ಅದನ್ನು ತಪ್ಪಿಸಿಕೊಳ್ಳಲು ನಮ್ಮ ಕೈಯಲ್ಲಿ ಏನೂ ಇಲ್ಲ, ಅನ್ನುವಂಥ ಸಂದರ್ಭದಲ್ಲಿ ಅತಿ ಹೆಚ್ಚು. ನಿಮ್ಮ ಮೀಟಿಂಗ್ ಅದೇ ತಾನೇ?

ಹಳೇಸೈಕಲ್ · ಶನಿವಾರ, ಬೆಳಿಗ್ಗೆ 11:20

ಓದಿದೆ. ಒಂದು ತಕರಾರು ಇದೆ.

ಈಗ ಎಲ್ಲಿ ನೋಡಿದರೂ ಇದೇ ಮಾತು. ಸಿಟ್ಟಿನ ಕೆಳಗೆ ನೋವಿದೆ, ನಾಚಿಕೆ ಇದೆ, ಭಯ ಇದೆ. ಸಿಟ್ಟು ಬರೀ ಸಿಟ್ಟಾಗಿ ಇರಬಾರದಾ? ನನ್ನ ಅಣ್ಣ ಕಾಗದದ ಮೇಲೆ ನನ್ನ ಸಹಿ ಹಾಕಿಸಿಕೊಂಡು ನನ್ನ ಪಾಲನ್ನು ತನ್ನ ಹೆಸರಿಗೆ ಮಾಡಿಕೊಂಡ. ಹದಿನೇಳು ವರ್ಷ ಆಯಿತು. ಮನೆಯವರು, ನೆಂಟರು, ಎಲ್ಲರದ್ದೂ ಒಂದೇ ರಾಗ: 'ಇನ್ನೂ ಅದನ್ನೇ ಹಿಡಕೊಂಡಿದ್ದೀಯಾ? ಬಿಟ್ಟುಬಿಡು.' ಮೋಸ ಮಾಡಿದವನು ಆರಾಮಾಗಿದ್ದಾನೆ, ಸಿಟ್ಟು ಮಾಡಿಕೊಂಡವನಿಗೆ ರಿಪೇರಿ ಬೇಕು ಅಂತೆ.

ಅರೆನಿದ್ದೆಯವರದ್ದು ಬೇರೆ, ಒಪ್ಪುತ್ತೇನೆ. ಮಗು ಏನೂ ಮಾಡಿರಲಿಲ್ಲ. ಆದರೆ ನನ್ನ ಸಿಟ್ಟಿಗೂ ನಾಚಿಕೆ ಅಂತ ಚೀಟಿ ಅಂಟಿಸಲು ಬರಬೇಡಿ. ನನಗೆ ಯಾವ ನಾಚಿಕೆಯೂ ಇಲ್ಲ.

ನೀಲಿಶಾಯಿ · ಶನಿವಾರ, ಮಧ್ಯಾಹ್ನ 12:05

ನಿಮ್ಮ ತಕರಾರು ನ್ಯಾಯವಾದದ್ದು. ಎಲ್ಲ ಸಿಟ್ಟೂ ಮುಚ್ಚಳ ಅಲ್ಲ.

ಕೆನಡಾದ ಲೆಸ್ಲಿ ಗ್ರೀನ್‌ಬರ್ಗ್ ಅವರ ಚಿಕಿತ್ಸಾ ಪದ್ಧತಿ ನಿಂತಿರುವುದೇ ಈ ಭೇದದ ಮೇಲೆ. ಗಡಿ ದಾಟಿ ಬಂದವರನ್ನು ಕಂಡು ನೇರವಾಗಿ ಹುಟ್ಟುವ ಸಿಟ್ಟು ಒಂದು. ಇನ್ನೊಂದು ಭಾವನೆಯನ್ನು ತಾಳಲಾರದೆ ಅದರ ಮೇಲೆ ಎಳೆದುಕೊಳ್ಳುವ ಸಿಟ್ಟು ಇನ್ನೊಂದು. ಮೊದಲನೆಯದನ್ನು ಅವರು ಕಡಿಮೆ ಮಾಡಲು ಹೋಗುವುದಿಲ್ಲ. ಹೊರಗೆ ಬರಲಿ ಅನ್ನುತ್ತಾರೆ, ಎಷ್ಟೋ ಸಲ ವಾಸಿ ಮಾಡುವುದೇ ಅದು.

ಎರಡನ್ನೂ ಹೇಗೆ ಬೇರೆ ಮಾಡುವುದು? ನಾನು ಗಮನಿಸಿದ್ದು ಹೇಳುತ್ತೇನೆ. ನೇರವಾದ ಸಿಟ್ಟಿಗೆ ಒಂದು ಸ್ಪಷ್ಟ ವಾಕ್ಯ ಇರುತ್ತದೆ. 'ನನ್ನ ಪಾಲು ನನಗೆ ಕೊಡು' ಅನ್ನುವ ಹಾಗೆ. ಹೇಳಿದ ಮೇಲೆ ಬೆನ್ನು ನೆಟ್ಟಗಾಗುತ್ತದೆ. ಮುಚ್ಚಳದ ಸಿಟ್ಟಿಗೆ ಏನು ಬೇಕು ಅಂತ ಅದಕ್ಕೇ ಗೊತ್ತಿರುವುದಿಲ್ಲ. ಎದುರಿಗಿರುವವರು ಸಣ್ಣವರಾಗಬೇಕು, ಅಷ್ಟೇ. ಕೂಗಿ ಮುಗಿದ ಮೇಲೆ ಮೈ ಹಿಂಡಿದ ಬಟ್ಟೆಯ ಹಾಗಾಗುತ್ತದೆ.

ಸಂಜೆಮಲ್ಲಿಗೆ · ಶನಿವಾರ, ಸಂಜೆ 5:47

ನನ್ನದು ಇದರ ತಿರುಗಾಮುರುಗಾ. ಬರೆಯಲೋ ಬೇಡವೋ ಅಂತ ಮಧ್ಯಾಹ್ನದಿಂದ ಮೂರು ಸಲ ಅಳಿಸಿದ್ದೇನೆ.

ನನಗೆ ಸಿಟ್ಟೇ ಬರುತ್ತಿರಲಿಲ್ಲ. ಜನ ಅದನ್ನು ಹೊಗಳುತ್ತಿದ್ದರು. ಎಷ್ಟು ತಾಳ್ಮೆ, ಎಷ್ಟು ಸಮಾಧಾನ ಅಂತ. ಆದರೆ ಯಾವ ಕೋಣೆಗೆ ಹೋದರೂ ನಾನು ಕೂರುವುದು ಬಾಗಿಲ ಹತ್ತಿರ, ಸಾಲಿನ ಕೊನೆಯಲ್ಲಿ. ಯಾರಾದರೂ ಹಿಂದೆ ನಕ್ಕರೆ ನನ್ನನ್ನೇ ನೋಡಿ ನಕ್ಕರು ಅಂತ ಕೂತಲ್ಲೇ ಹಿಡಿಯಾಗುತ್ತಿದ್ದೆ. ಮೂವತ್ತು ವರ್ಷ ಹೀಗೆ.

ಕಾರಣ ಗೊತ್ತಿತ್ತು. ಎಂಟು ವರ್ಷದವಳಿದ್ದಾಗ ಕ್ಲಾಸಿನಲ್ಲಿ ಲಂಗ ಒದ್ದೆ ಮಾಡಿಕೊಂಡೆ. ಟೀಚರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು. ಬೆಲ್ ಆಗುವವರೆಗೂ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ: ನೆಲದ ಮೇಲಿನ ನೀರು, ನಗು, ನನ್ನ ಕಾಲು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತು ಗೊತ್ತಿಲ್ಲದ ವಯಸ್ಸಿನಲ್ಲೇ ಅದನ್ನು ಬೇಡಿಕೊಂಡಿದ್ದೆ.

ಎರಡು ವರ್ಷದ ಹಿಂದೆ ಕೌನ್ಸೆಲಿಂಗಿಗೆ ಹೋದೆ. ನಿದ್ದೆಗೆ ಅಂತ ಹೋದದ್ದು. ಹಲವು ವಾರ ಆದ ಮೇಲೆ ಇದು ಬಾಯಿಗೆ ಬಂತು. ಅವರು ಏನೂ ಸಮಾಧಾನ ಹೇಳಲಿಲ್ಲ. 'ಅದಕ್ಕೆ ಮುಂಚೆ ಏನಾಯಿತು?' ಅಂತ ಕೇಳಿದರು. ಮುಂಚೆ ಅಂದರೆ? ಆ ಪ್ರಶ್ನೆ ನನಗೆ ಯಾವತ್ತೂ ಬಂದಿರಲಿಲ್ಲ. ಸುಮ್ನೆ ಕೂತೆ. ಆಮೇಲೆ ನೆನಪಾಯಿತು. ನಾನು ಕೈ ಎತ್ತಿದ್ದೆ. ಹೊರಗೆ ಹೋಗಬೇಕು ಅಂತ ಕೇಳಿದ್ದೆ. ಒಂದು ಸಲ ಅಲ್ಲ, ಎರಡು ಸಲ. ಎರಡು ಸಲವೂ 'ಕೂತ್ಕೋ' ಅಂದಿದ್ದರು.

ಮೂವತ್ತು ವರ್ಷದ ನೆನಪಿನಲ್ಲಿ ಆ ಎತ್ತಿದ ಕೈ ಇರಲೇ ಇಲ್ಲ ನೋಡಿ. ಒದ್ದೆ ಲಂಗ ಮಾತ್ರ ಇತ್ತು.

ಅವತ್ತು ನನ್ನ ಧ್ವನಿ ನನಗೇ ಗುರುತು ಸಿಗದಷ್ಟು ಏರಿತು. 'ಕೇಳಿದ್ದೆನಲ್ಲ! ಕೇಳಿದ ಮಗುವನ್ನು ಹಾಗೆ ನಿಲ್ಲಿಸುತ್ತಾರಾ?' ಅಂತ ಕೂಗಿಬಿಟ್ಟೆ. ಕೈ ನಡುಗುತ್ತಿತ್ತು. ಆದರೆ ಹೊರಗೆ ಬರುವಾಗ ತಲೆ ತಗ್ಗಿರಲಿಲ್ಲ.

ಹಳೇಸೈಕಲ್ ಅಣ್ಣ, ನೀವು ಹೇಳಿದ್ದು ಸರಿ. ಕೆಲವರು ಸಿಟ್ಟನ್ನು ಬಿಡುವುದನ್ನು ಕಲಿಯಬೇಕು. ನನ್ನಂಥವರು ಸಿಟ್ಟು ಮಾಡಿಕೊಳ್ಳುವುದನ್ನೇ ಕಲಿಯಬೇಕು.

ಹಳೇಸೈಕಲ್ · ಶನಿವಾರ, ಸಂಜೆ 6:02

ತಂಗೀ, ಆ ಟೀಚರ್ ಮೇಲೆ ನನಗೂ ಸಿಟ್ಟು ಬಂತು.

ಅರೆನಿದ್ದೆ · ಶನಿವಾರ, ರಾತ್ರಿ 9:30

ಸಂಜೆಮಲ್ಲಿಗೆಯವರು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಮಗನೂ ಮುಂದೆ ಹೀಗೆ ಯಾರ ಹತ್ತಿರವೋ ಕೂತು ಹೇಳುತ್ತಾನಾ ಅಂತ ಹೆದರಿಕೆ ಆಯಿತು. ಅದರ ಬಗ್ಗೆ ಈಗ ಬರೆಯಲು ಆಗುತ್ತಿಲ್ಲ.

ಬೇರೆ ಪ್ರಶ್ನೆ. ಗೆಳೆಯನೊಬ್ಬ ಹೇಳಿದ, ಸಿಟ್ಟನ್ನು ಒಳಗೆ ಇಟ್ಟುಕೊಂಡರೆ ಕುಕ್ಕರ್ ಹಾಗೆ ಸಿಡಿಯುತ್ತದೆ, ದಿಂಬಿಗೆ ಗುದ್ದು, ಹೋಗುತ್ತದೆ ಅಂತ. ಯಾರಾದರೂ ಮಾಡಿದ್ದೀರಾ? ಮತ್ತೆ ಆ ಕಿವಿ ಬಿಸಿಯಾಗುವುದನ್ನು ತಡೆಯಲು ಏನಾದರೂ ದಾರಿ?

ಒಂಟಿಮರ · ಶನಿವಾರ, ರಾತ್ರಿ 10:15

ಮಾಡಿದ್ದೇನೆ ಸ್ವಾಮಿ. ದಿಂಬಲ್ಲ, ಬಾಕ್ಸಿಂಗಿನವರು ಗುದ್ದುವ ಚೀಲವನ್ನೇ ತಂದು ತೂಗುಹಾಕಿದೆ. ಒಂದು ತಿಂಗಳು ಗುದ್ದಿದೆ. ತೋಳು ಗಟ್ಟಿಯಾಯಿತು, ಸಿಟ್ಟೂ ಗಟ್ಟಿಯಾಯಿತು. ಈಗ ಅದರ ಮೇಲೆ ಬಟ್ಟೆ ಒಣಗುತ್ತದೆ.

ಆಮೇಲೆ ಗೊತ್ತಾಯಿತು, ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ ಅಂತ. ಬ್ರಾಡ್ ಬುಷ್‌ಮನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, 2002. ಕಾಲೇಜು ವಿದ್ಯಾರ್ಥಿಗಳ ಕೈಲಿ ಪ್ರಬಂಧ ಬರೆಸಿ, ಅದಕ್ಕೆ ಬೇಕೆಂದೇ ಕೀಳಾಗಿ ಟೀಕೆ ಬರೆದುಕೊಟ್ಟು ರೊಚ್ಚಿಗೆಬ್ಬಿಸಿದರು. ಒಂದು ಗುಂಪು ಟೀಕೆ ಮಾಡಿದವನನ್ನು ನೆನೆಸಿಕೊಂಡು ಚೀಲ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮ ಅಂದುಕೊಂಡು ಗುದ್ದಿತು. ಮೂರನೆಯ ಗುಂಪು ಎರಡು ನಿಮಿಷ ಸುಮ್ಮನೆ ಕೂತಿತು. ಕೊನೆಗೆ ಅತಿ ಹೆಚ್ಚು ಸಿಟ್ಟು ಉಳಿದಿದ್ದು ಮೊದಲ ಗುಂಪಿಗೆ. ಅವರು ಮುಂದಿನ ಹಂತದಲ್ಲಿ ಜಾಸ್ತಿ ಒರಟಾಗಿಯೂ ನಡೆದುಕೊಂಡರು. ಸುಮ್ಮನೆ ಕೂತವರೇ ವಾಸಿ.

ಮನಸ್ಸು ಕುಕ್ಕರ್ ಅಲ್ಲ ಅಂತ ನನಗೆ ಅರ್ಥವಾದದ್ದು ಅಲ್ಲಿ. ಒಂದೊಂದು ಗುದ್ದಿಗೂ ಆ ಮುಖ ನೆನಪಿಸಿಕೊಂಡರೆ ಅದು ಅಭ್ಯಾಸ ಮಾಡಿದಂತೆ.

ನನಗೆ ಕೆಲಸ ಮಾಡಿದ್ದು ಬರೆಯುವುದು. ಇದನ್ನೂ ಪ್ರಯೋಗ ಮಾಡಿದವರಿದ್ದಾರೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್, 1986. ದಿನಕ್ಕೆ 15 ನಿಮಿಷ, ಸಾಲಾಗಿ ನಾಲ್ಕು ದಿನ. ಬದುಕಿನಲ್ಲಿ ಅತಿ ಕಷ್ಟ ಕೊಟ್ಟ ಘಟನೆಯನ್ನು, ಆಗ ಏನನ್ನಿಸಿತು ಅನ್ನುವುದನ್ನೂ ಸೇರಿಸಿ ಬರೆಯಬೇಕು. ಬರೆದ ಹೊತ್ತಿನಲ್ಲಿ ಅವರಿಗೆ ಬೇಜಾರು ಹೆಚ್ಚೇ ಆಯಿತು. ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋಗುವುದು ಕಡಿಮೆಯಾಯಿತು. ಹಾಗಾಗಿ ಮೊದಲ ದಿನ ಬರೆದು ಮನಸ್ಸು ಕೆಟ್ಟರೆ ಗಾಬರಿ ಆಗಬೇಡಿ. ತೀರಾ ತಡೆಯಲು ಆಗದಿದ್ದರೆ ನಿಲ್ಲಿಸಿಬಿಡಿ.

ನಾನು ಬರೆದದ್ದು ಹೀಗೆ. ಮೊದಲ ಎರಡು ದಿನ ಪೂರ್ತಿ 'ಅವನು ಹೀಗೆ ಮಾಡಿದ, ಅವನು ಹಾಗೆ ಅಂದ'. ಮೂರನೆಯ ದಿನ ಅವನ ಬಗ್ಗೆ ಬರೆಯಲು ಏನೂ ಉಳಿಯಲಿಲ್ಲ. ಪೆನ್ನು ತಾನಾಗಿ 'ನಾನು' ಅಂತ ಶುರು ಮಾಡಿತು. ನಾನು ಯಾಕೆ ಸುಮ್ಮನೆ ನಿಂತೆ. ನನ್ನನ್ನು ಯಾರೂ ಲೆಕ್ಕಕ್ಕೆ ಇಡಲ್ಲ ಅಂತ ನನಗೆ ಯಾವಾಗಿನಿಂದ ಅನ್ನಿಸುತ್ತಿದೆ. ಅಲ್ಲಿಂದ ಮುಂದೆ ಬರೆದದ್ದು ಇಲ್ಲಿ ಹೇಳುವಂಥದ್ದಲ್ಲ.

ಕಿವಿ ಬಿಸಿಯ ವಿಷಯ: ತಡೆಯಲು ಹೋಗಲೇಬೇಡಿ. ಮುಖ ಕೆಂಪಾಗುವುದರ ಬಗ್ಗೆ ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಒಂದು ಅಧ್ಯಾಯ ಬರೆದಿದ್ದಾನೆ. ಮನುಷ್ಯನ ಎಲ್ಲ ಮುಖಭಾವಗಳಲ್ಲಿ ಇದು ಮನುಷ್ಯನಿಗೇ ವಿಶೇಷವಾದದ್ದು ಅನ್ನುತ್ತಾನೆ. ತಡೆಯಬೇಕು ಅಂದುಕೊಂಡಷ್ಟೂ ಗಮನ ತನ್ನ ಮೇಲೇ ಹೋಗಿ ಇನ್ನೂ ಕೆಂಪಾಗುತ್ತದೆ ಅಂತಲೂ ಬರೆದಿದ್ದಾನೆ.

ಗೋಡೆಗಡಿಯಾರ · ಶನಿವಾರ, ರಾತ್ರಿ 10:40

ಒಂದು ಸತ್ಯ ಹೇಳಿಬಿಡುತ್ತೇನೆ. ಇವತ್ತು ಮಧ್ಯಾಹ್ನ ಹತ್ತರವರೆಗೆ ಎಣಿಸಿದೆ. ಎಣಿಸುತ್ತಾ ಎಣಿಸುತ್ತಾ ಮುಂದೆ ಏನು ಬೈಯಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ. ಹತ್ತಕ್ಕೆ ಬರುವಷ್ಟರಲ್ಲಿ ಬೈಗುಳ ಪೂರ್ತಿ ಸಿದ್ಧ. ಮನೆಯವಳು ಹೇಳಿದ್ದು, 'ನೀವು ಸುಮ್ಮನಾದಾಗಲೇ ನನಗೆ ಜಾಸ್ತಿ ಭಯ' ಅಂತ.

ಕಿಟಕಿಬದಿ · ಭಾನುವಾರ, ಬೆಳಿಗ್ಗೆ 7:25

ಬಾಗಿಲ ಹತ್ತಿರ ನಿಂತವಳ ಕಡೆಯಿಂದ ಒಂದು ಮಾತು ಹೇಳಲಾ?

ನಾನು ಆ ಹೆಂಡತಿ. ಅರೆನಿದ್ದೆಯವರ ಹೆಂಡತಿ ಅಲ್ಲ, ಆದರೆ ಅಂಥವಳೇ. ಹನ್ನೊಂದು ವರ್ಷದಿಂದ ನಮ್ಮವರ ಮುಖ ನೋಡಿ ಹವಾಮಾನ ಓದುತ್ತಿದ್ದೇನೆ. ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತಿನ ಸಂಜೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಅವರ ಅಪ್ಪ ಅವರನ್ನು ಹೇಗೆ ಹೀಯಾಳಿಸುತ್ತಿದ್ದರು ಅಂತ ನನಗೆ ಗೊತ್ತು. ಒಳಗೆ ನಾಚಿಕೆ ಇದೆ ಅಂತಲೂ ಗೊತ್ತು. ಗೊತ್ತಿದ್ದುಕೊಂಡು ಎಷ್ಟು ದಿನ ತಾಳಬೇಕು? ಅರ್ಥ ಮಾಡಿಕೊಳ್ಳುವ ಕೆಲಸ ಯಾವಾಗಲೂ ಬೈಸಿಕೊಂಡವರ ಪಾಲಿಗೇ ಯಾಕೆ ಬರುತ್ತದೆ?

ಒಂದು ಸಲ ತಡೆಯಲಾರದೆ 'ನಾಚಿಕೆ ಆಗಲ್ವಾ ನಿಮಗೆ, ಮಕ್ಕಳ ಮುಂದೆ' ಅಂದೆ. ಆ ರಾತ್ರಿ ಇನ್ನೂ ಕೆಟ್ಟದಾಯಿತು.

ನೀಲಿಶಾಯಿ · ಭಾನುವಾರ, ಬೆಳಿಗ್ಗೆ 9:10

ಕಿಟಕಿಬದಿಯವರೇ, ಅವರ ಸಿಟ್ಟಿಗೆ ಕಾರಣ ಇದೆ ಅಂದಮಾತ್ರಕ್ಕೆ ಅದನ್ನು ಸಹಿಸುವ ಹೊಣೆ ನಿಮ್ಮದಲ್ಲ. ಕೈ ಎತ್ತುವುದು, ವಸ್ತು ಎಸೆಯುವುದು, ಹೊರಗೆ ಹೋಗದಂತೆ ತಡೆಯುವುದು, ಇದರಲ್ಲಿ ಯಾವುದಾದರೂ ಇದ್ದರೆ ಮೊದಲು ನಿಮ್ಮ ಮತ್ತು ಮಕ್ಕಳ ಕ್ಷೇಮ. ನಂಬುವ ಒಬ್ಬರಿಗೆ ವಿಷಯ ಗೊತ್ತಿರಲಿ. ಹೋಗಲು ಒಂದು ಜಾಗ ಮನಸ್ಸಿನಲ್ಲಿರಲಿ. ಅವರ ಬಾಲ್ಯವನ್ನು ಅರ್ಥ ಮಾಡಿಕೊಳ್ಳುವ ಕೆಲಸ ಅವರದ್ದು. ನಿಮಗೆ ಬೇಕಿದ್ದರೆ ಖಾಸಗಿಯಾಗಿ ಬರೆಯಿರಿ, ಯಾರನ್ನು ಸಂಪರ್ಕಿಸಬಹುದು ಅಂತ ಒಟ್ಟಿಗೆ ನೋಡೋಣ.

ಆ ರಾತ್ರಿ ಯಾಕೆ ಹಾಗಾಯಿತು ಅನ್ನುವುದಕ್ಕೆ ಮಾತ್ರ ಒಂದು ವಿವರಣೆ ಇದೆ. ಜೂನ್ ಟ್ಯಾಂಗ್ನಿ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ವರ್ಷಗಟ್ಟಲೆ ಇದನ್ನು ಅಳೆದಿದ್ದಾರೆ. ಬೇಗ ನಾಚಿಕೆಗೆ ಬೀಳುವ ಸ್ವಭಾವದವರಲ್ಲಿ ಸಿಟ್ಟೂ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದೂ ಜಾಸ್ತಿ ಕಂಡಿತು. 'ನಾನು ಮಾಡಿದ್ದು ತಪ್ಪು' ಅನ್ನುವ ಅರಿವಿನವರಿಗೆ ಎದುರಿನವರ ನೋವು ಹೆಚ್ಚು ತಟ್ಟುತ್ತದೆ. ಮೊದಲೇ ನಾಚಿಕೆಯಿಂದ ಓಡುತ್ತಿರುವವರನ್ನು ಇನ್ನಷ್ಟು ನಾಚಿಸಿದರೆ ಅವರು ನಿಲ್ಲುವುದಿಲ್ಲ. ಹಾಗಂತ ನೀವು ಅಂದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷ ತಡೆದುಕೊಂಡ ಬಾಯಿ ಅದು.

ಕಿಟಕಿಬದಿ · ಭಾನುವಾರ, ಬೆಳಿಗ್ಗೆ 9:18

ಬರೆದಿದ್ದೇನೆ. ನೋಡಿ.

ಅಕ್ಷರದಂಗಡಿ · ಭಾನುವಾರ, ಮಧ್ಯಾಹ್ನ 3:00

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬೈಯಬೇಡಿ. ಪದಗಳ ಹುಚ್ಚು ನನಗೆ.

ನಮ್ಮ ಭಾಷೆಯಲ್ಲಿ 'ನಾಚಿಕೆ' ಅನ್ನುವ ಒಂದೇ ಪದಕ್ಕೆ ಎಷ್ಟು ಕೆಲಸ ನೋಡಿ. ಪ್ರೀತಿಸಿದವರು ನೋಡಿದರೆ ಆಗುವುದೂ ನಾಚಿಕೆ, ಹತ್ತು ಜನರ ಮುಂದೆ ಸಿಕ್ಕಿಬಿದ್ದರೆ ಆಗುವುದೂ ನಾಚಿಕೆ. ನಾಚಿಕೆ ಸ್ವಭಾವ ಅಂದರೆ ಮೆಚ್ಚುಗೆ, ನಾಚಿಕೆಗೇಡು ಅಂದರೆ ಬೈಗುಳ, ನಾಚಿಕೆ ಬಿಟ್ಟವನು ಅಂದರೆ ಇನ್ನೂ ದೊಡ್ಡ ಬೈಗುಳ. ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಮಗುವಿಗೆ 'ಶೇಮ್ ಶೇಮ್' ಅಂತ ಬೆರಳು ತೋರಿಸಿ ಕಲಿಸುತ್ತೇವೆ, ಆಮೇಲೆ ಅದೇ ಮಗು ದೊಡ್ಡದಾಗಿ ವೇದಿಕೆ ಹತ್ತಲ್ಲ ಅಂದರೆ ಧೈರ್ಯ ಇಲ್ಲ ಅನ್ನುತ್ತೇವೆ.

ಆದರೆ ನಮ್ಮಲ್ಲಿ ಬೇರೆ ಪದಗಳೂ ಇವೆ. ಸಂಕೋಚ, ಮುಜುಗರ, ಅವಮಾನ, ಕೀಳರಿಮೆ. ಅರೆನಿದ್ದೆಯವರೇ, ಮೀಟಿಂಗಿನಲ್ಲಿ ಆದದ್ದು ಮುಜುಗರ ಅಂತ ನನ್ನ ಅಂದಾಜು. ಮನೆಗೆ ಬರುವಷ್ಟರಲ್ಲಿ ನೀವೇ ಅದನ್ನು ಅವಮಾನ ಮಾಡಿಕೊಂಡಿರಿ. ಆ ಹುಡುಗ ನಿಮ್ಮನ್ನು ಅವಮಾನಿಸಿರಲಿಲ್ಲ. ಸರಿಯಾದ ಪದ ಹುಡುಕುವುದು ಬರೀ ಚಪಲ ಅಲ್ಲ. ಭಾವನೆಗೆ ಪದ ಕೊಟ್ಟಾಗ ಭಯ, ಗಾಬರಿಗೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಮೆದುಳಿನ ಭಾಗದ ಚಟುವಟಿಕೆ ಇಳಿಯುತ್ತದೆ ಅಂತ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು.

ಸಿಟ್ಟಿಗೂ ಹಾಗೇ. ರೋಷ ಬೇರೆ, ಸಿಡುಕು ಬೇರೆ, ಹೊಟ್ಟೆಯುರಿ ಬೇರೆ. ನನಗೆ ಇಷ್ಟದ ಪದ ಮುನಿಸು. ಬಂದು ಮಾತಾಡಿಸಲಿ ಅಂತ ಕಾಯುತ್ತಾ ಮುಖ ಆಚೆ ತಿರುಗಿಸಿಕೊಂಡ ಸಿಟ್ಟು ಅದು. ಸಂಬಂಧ ಬೇಡವಾದವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಒಂಟಿಮರ · ಭಾನುವಾರ, ಮಧ್ಯಾಹ್ನ 3:20

ಮುನಿಸು ಹದಿನೇಳು ವರ್ಷ ಇರಬಹುದಾ ಅಂತ ಕೇಳಿ ಹೇಳಿ ಯಾರಾದರೂ. 😀 ಹಳೇಸೈಕಲ್, ತಮಾಷೆಗೆ ಅಂದದ್ದು.

ಅರೆನಿದ್ದೆ · ಎರಡು ವಾರದ ನಂತರ, ಶನಿವಾರ, ರಾತ್ರಿ 10:05

ಏನಾಯಿತು ಅಂತ ಹೇಳಬೇಕು ಅಲ್ವಾ.

ಮಗನ ಹತ್ತಿರ ಕ್ಷಮೆ ಕೇಳಲು ಹೋದೆ. ಮೊದಲ ಸಲ ಪೂರ್ತಿ ಕೆಡಿಸಿಕೊಂಡೆ. 'ನಾನು ಕೆಟ್ಟ ಅಪ್ಪ ಕಣೋ, ನಿನಗೆ ನನ್ನಂಥ ಅಪ್ಪ ಸಿಗಬಾರದಿತ್ತು' ಅಂದೆ. ಕಣ್ಣಲ್ಲಿ ನೀರೂ ಬಂತು. ಅವನು ಗಾಬರಿಯಾಗಿ 'ಇಲ್ಲಪ್ಪ, ನೀನು ಒಳ್ಳೆಯವನು' ಅಂತ ನನ್ನ ಬೆನ್ನು ಸವರಿದ. ಒಂಬತ್ತು ವರ್ಷದವನು. ಆಚೆ ಬಂದ ಮೇಲೆ ನೀಲಿಶಾಯಿಯವರ ಮಾತು ತಲೆಗೆ ಹೋಯಿತು. ಅದು ಕ್ಷಮೆ ಕೇಳಿದ್ದಲ್ಲ. ನನ್ನ ನಾಚಿಕೆಯನ್ನು ತಂದು ಅವನ ಮಡಿಲಿಗೆ ಹಾಕಿದೆ, ಒರೆಸು ಅಂತ.

ಮೂರು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಚಿಕ್ಕದಾಗಿ ಹೇಳಿದೆ. 'ನಿನ್ನ ಹಾಳೆ ಹರಿದದ್ದು ನನ್ನ ತಪ್ಪು. ನೀನು ಹೇಳಿದ್ದು ಸರಿ, ನಾನೇ ತಪ್ಪು ಹೇಳಿಕೊಟ್ಟಿದ್ದೆ.' ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. 'ಗೊತ್ತು' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಈಗ ಹೇಳು ನೋಡೋಣ, ಏಳೆಂಟ್ಲ ಎಷ್ಟು?' ಅಂದ. ಐವತ್ತಾರು ಅಂದೆ. 'ಹ್ಞೂಂ' ಅಂತ ಟಿಕ್ ಹಾಕುವ ಹಾಗೆ ಗಾಳಿಯಲ್ಲಿ ಬೆರಳು ಆಡಿಸಿದ.

ಎಲ್ಲ ಸರಿಹೋಯಿತು ಅಂತಲ್ಲ. ಮೊನ್ನೆ ಮತ್ತೆ ರೇಗಿದೆ. ಆದರೆ ಅರ್ಧ ವಾಕ್ಯದಲ್ಲಿ ಕಿವಿ ಬಿಸಿ ಗೊತ್ತಾಯಿತು. 'ತಡಿ, ಇದು ನಿನ್ನ ಮೇಲಲ್ಲ' ಅಂತ ಹೇಳಿ ಕೋಣೆಯಿಂದ ಆಚೆ ಹೋದೆ. ಹೆಂಡತಿ ಇನ್ನೂ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಅವಳ ಜೊತೆ ಇನ್ನೂ ಮಾತಾಡಿಲ್ಲ. ಕಿಟಕಿಬದಿಯವರು ಬರೆದದ್ದನ್ನು ಓದಿದ ಮೇಲೆ ಅದು ಮಗನ ಹತ್ತಿರ ಮಾತಾಡಿದಷ್ಟು ಸುಲಭ ಅಲ್ಲ ಅಂತ ಗೊತ್ತಾಗಿದೆ. ಕೌನ್ಸೆಲಿಂಗಿಗೆ ಹೆಸರು ಕೊಟ್ಟಿದ್ದೇನೆ, ಗುರುವಾರ ಮೊದಲ ದಿನ.

ಹಳೇಸೈಕಲ್ · ಭಾನುವಾರ, ಬೆಳಗಿನ ಜಾವ 2:14

ನಿದ್ದೆ ಬರುತ್ತಿಲ್ಲ. ಒಂಟಿಮರ ಹೇಳಿದ ಹಾಗೆ ಬರೆಯಲು ಕೂತೆ, ನಾಲ್ಕು ದಿನ.

ಅಣ್ಣನ ಬಗ್ಗೆ ಬರೆದದ್ದು ಮೂರು ದಿನ. ನಾಲ್ಕನೆಯ ದಿನ ಬಂದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಆ ಕಾಗದವನ್ನು ನಾನು ಓದಲಿಲ್ಲ. ಅವನು ಓದು ಅಂತಲೇ ಕೊಟ್ಟಿದ್ದ. ಇಂಗ್ಲಿಷಿನಲ್ಲಿತ್ತು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅಂತ ಹೇಳಲು ಆಗಲಿಲ್ಲ, ಅಲ್ಲಿ ಅತ್ತಿಗೆಯ ಕಡೆಯವರು ಕೂತಿದ್ದರು. ಓದಿದವನ ಹಾಗೆ ಪುಟ ತಿರುಗಿಸಿ ಸಹಿ ಹಾಕಿದೆ.

ನನಗೆ ಯಾವ ನಾಚಿಕೆಯೂ ಇಲ್ಲ ಅಂತ ಮೇಲೆ ಬರೆದಿದ್ದೇನೆ. ಅದನ್ನು ಅಳಿಸುವುದಿಲ್ಲ, ಇರಲಿ.

ಅಣ್ಣನ ಮೇಲಿನ ಸಿಟ್ಟು ಹಾಗೇ ಇದೆ. ಅದನ್ನೂ ಬಿಡುವುದಿಲ್ಲ. ನನಗೆ ಅರ್ಥವಾಗಲ್ಲ ಅಂತ ಅವನಿಗೆ ಗೊತ್ತಿತ್ತು.

ಸಂಜೆಮಲ್ಲಿಗೆ · ಭಾನುವಾರ, ಬೆಳಗಿನ ಜಾವ 2:31

ನಾನೂ ಎದ್ದೇ ಇದ್ದೇನೆ ಅಣ್ಣ. ಆಗ ನಿಮಗೆ ವಯಸ್ಸೆಷ್ಟು?

ಹಳೇಸೈಕಲ್ · ಭಾನುವಾರ, ಬೆಳಗಿನ ಜಾವ 2:33

ಇಪ್ಪತ್ತೆರಡು.

ಸಂಜೆಮಲ್ಲಿಗೆ · ಭಾನುವಾರ, ಬೆಳಗಿನ ಜಾವ 2:34

ಅದಕ್ಕೆ ಮುಂಚೆ ಏನಾಯಿತು? ಇವತ್ತೇ ಹೇಳಬೇಕು ಅಂತೇನಿಲ್ಲ.